ವರದಿಯ ತುಂಬ ‘ಆರ್’: ಬ್ಯಾಕ್ಟೀರಿಯಾಕ್ಕೆ ಈ ಪ್ರತಿರೋಧ ಎಲ್ಲಿಂದ ಬಂತು?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಮೂತ್ರನಾಳದ ಸೋಂಕಾಗಿ ಕಲ್ಚರ್ ಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ‘ಇ. ಕೋಲಿ, ಇಎಸ್‌ಬಿಎಲ್ ಪಾಸಿಟಿವ್’ ಎಂದು ಬಂದಿದೆ. ಹದಿನಾರು ಔಷಧಗಳ ಪಟ್ಟಿಯಲ್ಲಿ ಹತ್ತರ ಮುಂದೆ ‘ಆರ್’ ಎಂದಿದೆ. ಅವುಗಳಲ್ಲಿ ಹೆಚ್ಚಿನವನ್ನು ಅಮ್ಮ ಈವರೆಗೆ ಮುಟ್ಟಿಯೇ ಇಲ್ಲ. ತೆಗೆದುಕೊಳ್ಳದ ಔಷಧಕ್ಕೆ ದೇಹ ಒಗ್ಗಿಹೋಗುವುದು ಹೇಗೆ? ಇದು ವಂಶವಾಹಿಗೆ ಸಂಬಂಧಿಸಿದ್ದು ಎಂದು ಒಬ್ಬರು ಹೇಳಿದರು. ಹಾಗಾದರೆ ಮಕ್ಕಳಾದ ನಮಗೂ ಬರುತ್ತದೆಯೇ? ಎರಡು ವರ್ಷಗಳ ಹಿಂದೆ ಒಮ್ಮೆ ಮಾತ್ರೆಯನ್ನು ಅರ್ಧಕ್ಕೇ ಬಿಟ್ಟಿದ್ದರು, ಅದರಿಂದಲೇ ಹೀಗಾಯಿತೇ?

ಉತ್ತರ: ಮಕ್ಕಳಿಗೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ, ಅದರ ಉತ್ತರ ಚಿಕ್ಕದು. ಒಗ್ಗಿಹೋಗಿರುವುದು ನಿಮ್ಮ ತಾಯಿಯ ದೇಹವಲ್ಲ. ವರದಿಯ ‘ಆರ್’ ಅವರ ಬಗ್ಗೆ ಒಂದಕ್ಷರವನ್ನೂ ಹೇಳುತ್ತಿಲ್ಲ. ಅವರ ಮೂತ್ರದಿಂದ ತೆಗೆದು ನಮ್ಮಂಥವರು ಪ್ರಯೋಗಾಲಯದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಜಗ್ಗುವುದಿಲ್ಲ ಎಂಬುದಷ್ಟನ್ನೇ ಹೇಳುತ್ತಿದೆ. ವಂಶವಾಹಿ ಎಂದು ನಿಮಗೆ ತಿಳಿಸಿದವರು ಸರಿಯಾಗಿಯೇ ಹೇಳಿದ್ದಾರೆ, ಯಾರ ವಂಶ ಎಂಬುದನ್ನು ಮಾತ್ರ ಬಿಟ್ಟರು. ಅದು ಬ್ಯಾಕ್ಟೀರಿಯಾದ ವಂಶ. ರಕ್ತಸಂಬಂಧದ ದಾರಿಯಲ್ಲಿ ಅದು ನಿಮಗೆ ಬರಲಾರದು. ಒಂದೇ ಮನೆಯಲ್ಲಿರುವವರ ಕರುಳಿಗೆ ಕೈಯಿಂದ ಕೈಗೆ ದಾಟಿ ಅದೇ ಇ. ಕೋಲಿ ಬಂದು ನೆಲೆಸಬಹುದು, ಅದು ಬೇರೆ ಮಾತು. ಆ ವಿಷಯದಲ್ಲಿ ಅದಕ್ಕೆ ಮಗಳೂ ಒಂದೇ, ಸೊಸೆಯೂ ಒಂದೇ.

ತೆಗೆದುಕೊಳ್ಳದ ಔಷಧಕ್ಕೆ ಪ್ರತಿರೋಧ ಹೇಗೆ ಎಂಬ ನಿಮ್ಮ ಇನ್ನೊಂದು ಪ್ರಶ್ನೆ ಬಹಳ ಒಳ್ಳೆಯದು. ಪಾಠ ಕೇಳುವ ವಿದ್ಯಾರ್ಥಿಗಳು ಇದನ್ನು ಕೇಳುವುದೇ ಇಲ್ಲ ಎಂಬುದು ನನ್ನ ಹಳೆಯ ದೂರು. ‘ಬ್ಯಾಕ್ಟೀರಿಯಾ ಔಷಧವನ್ನು ಎದುರಿಸಲು ಕಲಿತುಬಿಟ್ಟಿದೆ’ ಎಂದು ಎಲ್ಲೆಲ್ಲೂ ಓದಿ ಓದಿ, ಔಷಧ ಬಂದ ಮೇಲೆಯೇ ಪ್ರತಿರೋಧ ಹುಟ್ಟುತ್ತದೆ ಎಂದು ನಂಬಿಕೊಂಡಿರುತ್ತಾರೆ. ಬ್ಯಾಕ್ಟೀರಿಯಾ ಏನನ್ನೂ ಕಲಿಯುವುದಿಲ್ಲ. ಔಷಧ ಕಲಿಸುವುದೂ ಇಲ್ಲ, ಜರಡಿ ಹಿಡಿಯುತ್ತದೆ. ಜರಡಿಯಲ್ಲಿ ಉಳಿದ ಕಾಳು ಜರಡಿ ಹಿಡಿದದ್ದರಿಂದ ದಪ್ಪವಾದದ್ದಲ್ಲ, ಮೊದಲೇ ದಪ್ಪವಿತ್ತು.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿಕೊಟ್ಟದ್ದು ಒಂದು ತುಂಡು ಮಖಮಲ್ ಬಟ್ಟೆ. ಅಮೆರಿಕದ ಜೋಶುವಾ ಲೆಡರ್‌ಬರ್ಗ್ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ 1952ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ತಟ್ಟೆಯೊಂದರಲ್ಲಿ, ಯಾವ ಔಷಧವೂ ಇಲ್ಲದೆ, ಬ್ಯಾಕ್ಟೀರಿಯಾವನ್ನು ಬೆಳೆಸಿದರು. ಮಖಮಲ್ಲನ್ನು ಆ ತಟ್ಟೆಯ ಮೇಲೆ ಮೆಲ್ಲನೆ ಒತ್ತಿದರೆ, ರಬ್ಬರ್ ಮೊಹರಿಗೆ ಶಾಯಿ ಅಂಟುವಂತೆ, ಪ್ರತಿಯೊಂದು ಜಾಗದ ಒಂದಿಷ್ಟು ಕೋಶಗಳು ಬಟ್ಟೆಯ ನವಿರಿಗೆ ಅಂಟುತ್ತವೆ. ಅದೇ ಬಟ್ಟೆಯನ್ನು ಸ್ಟ್ರೆಪ್ಟೊಮೈಸಿನ್ ಬೆರೆಸಿದ ಬೇರೆ ಬೇರೆ ತಟ್ಟೆಗಳ ಮೇಲೆ ಒತ್ತಿದರು. ಬಹುಪಾಲು ಕೋಶಗಳು ಸತ್ತವು, ಎಲ್ಲೋ ಒಂದೆರಡು ಕಡೆ ಚುಕ್ಕೆಗಳು ಬೆಳೆದವು. ಸ್ವಾರಸ್ಯವಿದ್ದದ್ದು ಆ ಚುಕ್ಕೆಗಳ ಜಾಗದಲ್ಲಿ. ಪ್ರತಿ ತಟ್ಟೆಯಲ್ಲೂ ಅವು ಒಂದೇ ಜಾಗದಲ್ಲಿದ್ದವು. ಔಷಧ ತಗುಲಿದ ಮೇಲೆ ಬದಲಾವಣೆ ಆಗಿದ್ದರೆ ಒಂದೊಂದು ತಟ್ಟೆಯಲ್ಲಿ ಒಂದೊಂದು ಕಡೆ ಆಗಬೇಕಿತ್ತು. ಅವರು ಮೂಲ ತಟ್ಟೆಗೆ ಹಿಂದಿರುಗಿ, ಅದೇ ಜಾಗದಿಂದ ಕೋಶಗಳನ್ನು ಎತ್ತಿ ಬೆಳೆಸಿ, ಮತ್ತೆ ಮಖಮಲ್ ಒತ್ತಿ, ಹೀಗೆ ಕೆಲವು ಸುತ್ತು ಮಾಡಿದಾಗ ಕೈಗೆ ಸಿಕ್ಕಿದ್ದು ಸ್ಟ್ರೆಪ್ಟೊಮೈಸಿನ್ನಿಗೆ ಜಗ್ಗದ ಬ್ಯಾಕ್ಟೀರಿಯಾ. ಅವುಗಳ ಹಿಂದಿನ ಯಾವ ತಲೆಮಾರೂ ಆ ಔಷಧವನ್ನು ಮುಟ್ಟಿರಲಿಲ್ಲ.

ಹಾಗಾದರೆ ಮೊದಲೇ ಇದ್ದದ್ದು ಬಂದದ್ದು ಎಲ್ಲಿಂದ? ದಾರಿ ಎರಡು. ಒಂದು, ಬರವಣಿಗೆಯ ತಪ್ಪು. ಇನ್ನೊಂದು, ಕಡ ತಂದದ್ದು.

ಇ. ಕೋಲಿಯ ಡಿಎನ್‌ಎ ಸುಮಾರು 46 ಲಕ್ಷ ಅಕ್ಷರಗಳ ಗ್ರಂಥ. ಕೋಶ ಒಡೆದು ಎರಡಾಗುವಾಗ ಅದರ ಪ್ರತಿ ಮಾಡಿಕೊಳ್ಳಬೇಕು. ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಡೆಯುವ ಜೀವಿ ಇದು. ಪ್ರತಿ ಮಾಡುವ ಕಿಣ್ವ ಎಷ್ಟು ಜಾಗ್ರತೆಯದೆಂದರೆ ಸರಿಸುಮಾರು ಸಾವಿರ ಪ್ರತಿಗೆ ಒಂದಕ್ಷರ ತಪ್ಪುತ್ತದೆ. ಯಾವ ಮುದ್ರಣಾಲಯವೂ ಇದರ ಹತ್ತಿರ ಬರಲಾರದು. ಆದರೂ ಮುದ್ರಾರಾಕ್ಷಸನಿಗೆ ಅಷ್ಟು ಸಾಕು. ನಿಮ್ಮ ತಾಯಿಯ ವರದಿಯಲ್ಲಿ ‘1,00,000 ಸಿಎಫ್‌ಯು’ ಎಂಬ ಸಾಲಿರಬೇಕು, ನೋಡಿ. ಒಂದು ಮಿಲಿಲೀಟರ್ ಮೂತ್ರದಲ್ಲಿ ಕನಿಷ್ಠ ಒಂದು ಲಕ್ಷ ಬ್ಯಾಕ್ಟೀರಿಯಾ ಎಂದು ಅದರ ಅರ್ಥ. ಮೂತ್ರಕೋಶದಲ್ಲಿ 200 ಮಿಲಿಲೀಟರ್ ಇದ್ದರೆ ಎರಡು ಕೋಟಿ. ಸಾವಿರಕ್ಕೊಂದರಂತೆ, ಅವುಗಳ ಪೈಕಿ ಇಪ್ಪತ್ತು ಸಾವಿರದಲ್ಲಿ ಹೊಸದೊಂದು ಅಕ್ಷರದೋಷ ಇರುತ್ತದೆ. ಹೆಚ್ಚಿನವು ಯಾವ ಪರಿಣಾಮವನ್ನೂ ಮಾಡುವುದಿಲ್ಲ, ಕೆಲವು ಕೋಶವನ್ನೇ ಕೊಲ್ಲುತ್ತವೆ. ಅಪರೂಪಕ್ಕೊಂದು, ಔಷಧ ಹೋಗಿ ಕೂರಬೇಕಾದ ಜಾಗದಲ್ಲೇ ಬೀಳುತ್ತದೆ.

ಈ ಮೊದಲ ದಾರಿಯನ್ನು ಶುದ್ಧ ರೂಪದಲ್ಲಿ ನೋಡಬೇಕಾದರೆ ಇ. ಕೋಲಿಯನ್ನು ಬಿಟ್ಟು ಕ್ಷಯದ ಬ್ಯಾಕ್ಟೀರಿಯಾದ ಕಡೆಗೆ ಹೋಗಬೇಕು. ಅದು ಒಂಟಿ ಪ್ರಾಣಿ. ಯಾರಿಂದಲೂ ಪ್ರತಿರೋಧದ ವಂಶವಾಹಿಯನ್ನು ಕಡ ತರುವುದಿಲ್ಲ, ಅದರ ಪ್ರತಿರೋಧವೆಲ್ಲ ಸ್ವಂತ ತಪ್ಪುಗಳದ್ದೇ. ರಿಫಾಂಪಿಸಿನ್ ಎಂಬ ಔಷಧವನ್ನು ತೆಗೆದುಕೊಳ್ಳಿ. ಡಿಎನ್‌ಎಯನ್ನು ಓದಿ ಆರ್‌ಎನ್‌ಎ ಹೆಣೆಯುವ ಯಂತ್ರದ ಗಂಟಲಲ್ಲಿ ಅದು ಹೋಗಿ ಕೂರುತ್ತದೆ. ಎರಡು ಮೂರು ಕೊಂಡಿ ಹೆಣೆಯುವಷ್ಟರಲ್ಲಿ ಎಳೆ ಔಷಧಕ್ಕೆ ಬಡಿದು ನಿಲ್ಲುತ್ತದೆ. ಆ ಯಂತ್ರದ ಒಂದು ಭಾಗವನ್ನು ಬರೆದಿಟ್ಟಿರುವ ವಂಶವಾಹಿಯ ಹೆಸರು ಆರ್‌ಪಿಒಬಿ. ಅದರಲ್ಲಿ ಕೇವಲ 81 ಅಕ್ಷರಗಳ ಒಂದು ತುಣುಕಿದೆ. ರಿಫಾಂಪಿಸಿನ್‌ಗೆ ಜಗ್ಗದ ಕ್ಷಯಾಣುಗಳಲ್ಲಿ ನೂರಕ್ಕೆ ಸುಮಾರು 95ರಲ್ಲಿ ತಪ್ಪು ಇರುವುದು ಆ ತುಣುಕಿನಲ್ಲೇ. ಅತಿ ಸಾಮಾನ್ಯವಾದದ್ದು ಇಷ್ಟು: ‘ಟಿಸಿಜಿ’ ಎಂದಿರಬೇಕಾದ ಕಡೆ ‘ಟಿಟಿಜಿ’. ಒಂದು ‘ಸಿ’ ಹೋಗಿ ‘ಟಿ’ ಬಂತು. ಸೆರಿನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಅದಕ್ಕಿಂತ ದೊಡ್ಡದಾದ ಲ್ಯೂಸಿನ್ ಬಂದು ಕುಳಿತಿತು. ಔಷಧಕ್ಕೆ ಜಾಗ ಸಾಲದಾಯಿತು, ಯಂತ್ರ ಮಾತ್ರ ಓಡುತ್ತಲೇ ಇದೆ. ನಲವತ್ತನಾಲ್ಕು ಲಕ್ಷ ಅಕ್ಷರಗಳಲ್ಲಿ ಒಂದು! ಕ್ಷಯದ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಸುಮಾರು ಎರಡು ಗಂಟೆಯಲ್ಲಿ ಪ್ರತಿರೋಧವನ್ನು ಹೇಳಿಬಿಡುವುದು ಆ 81 ಅಕ್ಷರಗಳನ್ನು ತಡವಿ ನೋಡಿಯೇ. ಬ್ಯಾಕ್ಟೀರಿಯಾ ಬೆಳೆಯಲಿ ಎಂದು ವಾರಗಟ್ಟಲೆ ಕಾಯುತ್ತಿದ್ದ ನನ್ನಂಥವರಿಗೆ ಅದು ಮೊದಮೊದಲು ಕಣ್ಕಟ್ಟಿನಂತೆಯೇ ಕಂಡಿತ್ತು.

ಐಸೋನಿಯಾಜಿಡ್‌ನ ಕಥೆ ಇನ್ನೂ ವಿಚಿತ್ರ. ಅದು ನುಂಗುವಾಗ ವಿಷವಲ್ಲ. ಕ್ಷಯಾಣುವಿನದೇ ಒಂದು ಕಿಣ್ವ ಅದನ್ನು ವಿಷವಾಗಿ ಮಾರ್ಪಡಿಸುತ್ತದೆ. ಆ ಕಿಣ್ವದ ವಂಶವಾಹಿ ಕೆಟ್ಟರೆ ಸಾಕು, ಔಷಧ ಬರಿಯ ಪುಡಿ. ಅಂದರೆ ಪ್ರತಿರೋಧ ಎಂದರೆ ಯಾವಾಗಲೂ ಹೊಸ ಆಯುಧ ಗಳಿಸುವುದೇ ಎಂದೇನಿಲ್ಲ. ಇದ್ದದ್ದನ್ನು ಮುರಿದುಕೊಳ್ಳುವುದೂ ಪ್ರತಿರೋಧವೇ.

ರಿಫಾಂಪಿಸಿನ್‌ಗೆ ಜಗ್ಗದ ಕೋಶ ಸುಮಾರು ಹತ್ತು ಕೋಟಿಗೊಂದು ಸಿಗುತ್ತದೆ, ಐಸೋನಿಯಾಜಿಡ್‌ಗೆ ಜಗ್ಗದ್ದು ಹತ್ತು ಲಕ್ಷಕ್ಕೊಂದು. ಶ್ವಾಸಕೋಶದಲ್ಲಿ ಕ್ಷಯ ಕೊರೆದ ಒಂದು ಗುಳಿಯಲ್ಲಿ ಹತ್ತು ಕೋಟಿ ಕ್ಷಯಾಣುಗಳಿರುವುದು ದೊಡ್ಡ ಮಾತಲ್ಲ. ಒಂದೇ ಔಷಧ ಕೊಟ್ಟರೆ ಉಳಿದುಕೊಳ್ಳುವವನು ಒಬ್ಬನಾದರೂ ಇದ್ದೇ ಇರುತ್ತಾನೆ. ಎರಡಕ್ಕೂ ಏಕಕಾಲದಲ್ಲಿ ಜಗ್ಗದ ಕೋಶ ಬೇಕೆಂದರೆ ಕೋಟಿ ಕೋಟಿಗಳಲ್ಲಿ ಒಂದನ್ನು ಹುಡುಕಬೇಕು. ಅಷ್ಟು ಕ್ಷಯಾಣುಗಳು ಒಬ್ಬ ರೋಗಿಯಲ್ಲಿ ಇರುವುದಿಲ್ಲ. ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಡುವುದರ ಹಿಂದೆ ಇರುವುದು ಈ ಗುಣಾಕಾರ. 1940ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ನೋಡಿದಾಗ ರೋಗಿಗಳು ಮೊದಲು ಚೇತರಿಸಿಕೊಂಡು, ಆಮೇಲೆ ಹಲವರು ಮತ್ತೆ ಕುಸಿದರು. ಜೊತೆಗೆ ಇನ್ನೊಂದು ಔಷಧ ಸೇರಿಸಿದ ಮೇಲೆ ಆ ಕುಸಿತ ಎಷ್ಟೋ ಕಡಿಮೆಯಾಯಿತು.

ನಿಮ್ಮ ತಾಯಿಯ ವರದಿಗೆ ಮರಳೋಣ. ಹತ್ತು ‘ಆರ್’ಗಳನ್ನು ಈ ಗುಣಾಕಾರದಿಂದ ವಿವರಿಸಲು ಹೋದರೆ ಲೆಕ್ಕ ಕೈಕೊಡುತ್ತದೆ. ಹತ್ತು ಸ್ವತಂತ್ರ ತಪ್ಪುಗಳು ಒಂದೇ ಕೋಶದಲ್ಲಿ ಒಮ್ಮೆಲೇ ಕೂಡಿಬರಲು ಭೂಮಿಯ ಬ್ಯಾಕ್ಟೀರಿಯಾಗಳೆಲ್ಲ ಸೇರಿದರೂ ಸಾಲದು. ಇದೇ ಒಗಟು ಜಪಾನಿನ ವಿಜ್ಞಾನಿಗಳನ್ನು 1950ರ ದಶಕದಲ್ಲಿ ಕಾಡಿತ್ತು. ಅಲ್ಲಿ ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಈ ನಾಲ್ಕಕ್ಕೂ ಒಟ್ಟಿಗೇ ಜಗ್ಗದಂತಾಗಿತ್ತು. ರೋಗಿಗೆ ಕೊಟ್ಟದ್ದು ಒಂದೇ ಔಷಧವಾದರೂ ಮಲದಲ್ಲಿ ಸಿಕ್ಕಿದ್ದು ನಾಲ್ಕಕ್ಕೂ ಬಗ್ಗದ್ದು. ಅದೇ ರೋಗಿಯ ಕರುಳಿನ ಇ. ಕೋಲಿಯಲ್ಲೂ ಅದೇ ನಾಲ್ಕು ಪ್ರತಿರೋಧಗಳು ಇರುತ್ತಿದ್ದವು. ಗುಮಾನಿ ಅಲ್ಲಿಂದ ಶುರುವಾಯಿತು. 1959ರಲ್ಲಿ ಒಚಿಯಾಯ್ ಮತ್ತು ಅಕಿಬಾ ಅವರ ತಂಡಗಳು ಜಗ್ಗದ ಇ. ಕೋಲಿಯನ್ನೂ ಜಗ್ಗುವ ಶಿಗೆಲ್ಲಾವನ್ನೂ ಒಂದೇ ಕೊಳವೆಯಲ್ಲಿ ಬೆರೆಸಿಟ್ಟು ನೋಡಿದವು. ನಾಲ್ಕೂ ಪ್ರತಿರೋಧಗಳು ಗಂಟಿನ ಸಮೇತ ಒಂದರಿಂದ ಇನ್ನೊಂದಕ್ಕೆ ದಾಟಿಬಿಟ್ಟಿದ್ದವು.

ಆ ಗಂಟಿಗೆ ಈಗ ಪ್ಲಾಸ್ಮಿಡ್ ಎನ್ನುತ್ತೇವೆ. ಮುಖ್ಯ ವರ್ಣತಂತುವಿನ ಹೊರಗೆ ಇರುವ, ಬಳೆಯಂತೆ ಸುತ್ತಿಕೊಂಡ ಸಣ್ಣ ಡಿಎನ್‌ಎ. ಕೊಡುವ ಕೋಶ ಕೂದಲಿನಂಥ ಒಂದು ಎಳೆ ಚಾಚಿ ಇನ್ನೊಂದು ಕೋಶವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಬಳೆಯ ಎರಡು ಎಳೆಗಳಲ್ಲಿ ಒಂದನ್ನು ಕತ್ತರಿಸಿ, ಬಿಚ್ಚುತ್ತ ಬಿಚ್ಚುತ್ತ ಆಚೆ ತಳ್ಳುತ್ತದೆ. ಆಚೆಯದು ಬಂದ ಎಳೆಗೆ ಜೋಡಿ ಹೆಣೆದುಕೊಳ್ಳುತ್ತದೆ, ಈಚೆಯದು ಉಳಿದ ಎಳೆಗೆ. ಕೆಲವು ನಿಮಿಷಗಳ ಕೆಲಸ. ಕೊಟ್ಟವರಿಗೂ ನಷ್ಟವಿಲ್ಲದ ದಾನ ಇದು. ಪಡೆದದ್ದು ಮರುದಿನ ತಾನೇ ದಾನಿ. ಅದೇ ಜಾತಿಯಾಗಬೇಕೆಂಬ ನಿಯಮವೂ ಇಲ್ಲ. ಇ. ಕೋಲಿಯಿಂದ ಕ್ಲೆಬ್ಸಿಯೆಲ್ಲಾಕ್ಕೆ, ಸಾಲ್ಮೊನೆಲ್ಲಾಕ್ಕೆ ಹೋಗುತ್ತದೆ. ಮನುಷ್ಯರಿಗೆ ಹೋಲಿಸಿದರೆ, ಪಕ್ಕದಲ್ಲಿ ಕುಳಿತವರಿಂದ ಕಣ್ಣಿನ ಬಣ್ಣವನ್ನು ಪಡೆದುಕೊಂಡ ಹಾಗೆ.

ಗಂಟು ಬೆಳೆಯುವುದು ಹೇಗೆ? ಡಿಎನ್‌ಎಯಲ್ಲಿ ಜಾಗದಿಂದ ಜಾಗಕ್ಕೆ ನೆಗೆಯುವ ತುಣುಕುಗಳಿವೆ. ಅಕ್ಕಪಕ್ಕದ ವಂಶವಾಹಿಗಳನ್ನೂ ಕಂಕುಳಲ್ಲಿ ಎತ್ತಿಕೊಂಡು ನೆಗೆಯುತ್ತವೆ. ಟ್ರಾನ್ಸ್‌ಪೋಸಾನ್ ಎಂದು ಅವಕ್ಕೆ ಹೆಸರು. ಪ್ರತಿರೋಧದ ವಂಶವಾಹಿಗಳನ್ನು ಒಂದರ ಹಿಂದೊಂದರಂತೆ ಪೋಣಿಸಿಕೊಳ್ಳುವ ಇಂಟೆಗ್ರಾನ್‌ಗಳೂ ಇವೆ. ಜೆಂಟಾಮೈಸಿನ್‌ಗೆ ರಾಸಾಯನಿಕ ಬಾಲ ಅಂಟಿಸಿ ಕೆಡಿಸುವ ಕಿಣ್ವ, ಸಲ್ಫಾ ಹಿಡಿಯಲಾಗದ ಬದಲಿ ಕಿಣ್ವ, ಟೆಟ್ರಾಸೈಕ್ಲಿನನ್ನು ಒಳಗೆ ಬಂದಂತೆಲ್ಲ ಹೊರದಬ್ಬುವ ಪಂಪು, ಎಲ್ಲವೂ ಒಂದೇ ಬಳೆಯಲ್ಲಿ ಇರಬಹುದು. ನಿಮ್ಮ ತಾಯಿ ಮುಟ್ಟದ ಔಷಧಗಳ ಮುಂದೆ ‘ಆರ್’ ಬಂದದ್ದಕ್ಕೆ ಮುಖ್ಯ ಕಾರಣ ಇದು. ಎಲ್ಲೋ ಯಾರೋ ತೆಗೆದುಕೊಂಡ ಒಂದು ಔಷಧ ಬಳೆಯನ್ನು ಉಳಿಸಿತು, ಬಳೆಯ ಮೇಲಿದ್ದ ಉಳಿದದ್ದೆಲ್ಲ ಜೊತೆಗೇ ಉಳಿಯಿತು.

‘ಇಎಸ್‌ಬಿಎಲ್’ ಎಂಬುದರಲ್ಲಿ ಎರಡೂ ದಾರಿಗಳು ಸೇರಿಕೊಳ್ಳುತ್ತವೆ. ಪೆನಿಸಿಲಿನ್ ಕುಟುಂಬದ ಔಷಧಗಳ ಎದೆಯಲ್ಲಿ ನಾಲ್ಕು ಪರಮಾಣುಗಳ ಒಂದು ಚೌಕವಿದೆ. ಅದನ್ನು ಮುರಿಯುವ ಕಿಣ್ವ ಬೀಟಾ ಲ್ಯಾಕ್ಟಮೇಸ್. ಅದರ ಒಂದು ಬಗೆ, ಟೆಮ್-1, ಅಥೆನ್ಸ್‌ನ ರೋಗಿಯೊಬ್ಬರ ಇ. ಕೋಲಿಯಲ್ಲಿ 1960ರ ದಶಕದಲ್ಲಿ ಸಿಕ್ಕಿತು. ಪ್ಲಾಸ್ಮಿಡ್ ಏರಿ ಜಗತ್ತೆಲ್ಲ ಸುತ್ತಿತು. ಆಂಪಿಸಿಲಿನ್ ಅದಕ್ಕೆ ತುತ್ತು. ಸೆಫೊಟಾಕ್ಸಿಮ್‌ನಂಥ ದೊಡ್ಡ ಅಣು ಮಾತ್ರ ಅದರ ಬಾಯಿಗೆ ಹಿಡಿಸುತ್ತಿರಲಿಲ್ಲ. ಆ ಔಷಧಗಳನ್ನು ತಯಾರಿಸಿದ್ದೇ ಅದಕ್ಕಾಗಿ. ಆಗ ಮುದ್ರಾರಾಕ್ಷಸ ಮತ್ತೆ ಬಂದ. ಕಿಣ್ವದ 238ನೇ ಸ್ಥಾನದಲ್ಲಿ ಗ್ಲೈಸಿನ್ ಬದಲು ಸೆರಿನ್ ಕುಳಿತರೆ ಬಾಯಿ ಅಗಲವಾಗುತ್ತದೆ, ಸೆಫೊಟಾಕ್ಸಿಮ್ ಕೂಡ ಹಿಡಿಸುತ್ತದೆ. ಹೀಗೆ ಬಾಯಿ ಅಗಲವಾದ ಬೀಟಾ ಲ್ಯಾಕ್ಟಮೇಸ್‌ಗೇ ಇಎಸ್‌ಬಿಎಲ್ ಎನ್ನುವುದು. ಇಂಥ ಐದು ತಪ್ಪುಗಳು ಕೂಡಿದರೆ ಆ ಔಷಧಕ್ಕೆ ಪ್ರತಿರೋಧ ಲಕ್ಷಪಟ್ಟು ಹೆಚ್ಚುತ್ತದೆ. ಐದನ್ನು ಒಂದಾದ ಮೇಲೊಂದರಂತೆ ಪಡೆಯಲು 120 ಕ್ರಮಗಳಿವೆ. ಹೆಜ್ಜೆ ಹೆಜ್ಜೆಗೂ ಲಾಭವಾಗುವಂಥವು ಅವುಗಳಲ್ಲಿ 18 ಮಾತ್ರ ಎಂದು 2006ರಲ್ಲಿ ಪ್ರಯೋಗಮಾಡಿ ತೋರಿಸಿದ್ದಾರೆ. ವಿಕಾಸಕ್ಕೂ ಸಿಕ್ಕಸಿಕ್ಕ ಕಡೆ ನಡೆಯಲಾಗುವುದಿಲ್ಲ ಎಂಬ ಈ ಸಂಗತಿ ನನಗೆ ತುಂಬಾ ಇಷ್ಟ.

ಈಗ ಇ. ಕೋಲಿಯಲ್ಲಿ ಹೆಚ್ಚಾಗಿ ಕಾಣುವ ಇಎಸ್‌ಬಿಎಲ್ ಬೇರೆಯದು, ಸಿಟಿಎಕ್ಸ್-ಎಂ. ಅದರ ತವರು ಕ್ಲುಯ್ವೆರಾ ಎಂಬ, ಮನುಷ್ಯರಿಗೆ ಅಪರೂಪಕ್ಕೆ ಮಾತ್ರ ರೋಗ ತರುವ ಬ್ಯಾಕ್ಟೀರಿಯಾ. ನೆಗೆಯುವ ತುಣುಕೊಂದು ಅಲ್ಲಿಂದ ಅದನ್ನು ಎತ್ತಿಕೊಂಡು ಪ್ಲಾಸ್ಮಿಡ್‌ಗೆ ತಂದಿತು. ನಮ್ಮ ತಟ್ಟೆಯಲ್ಲಿ ಇದು ಕಾಣುವ ಬಗೆ ಚೆಂದ. ಸೆಫೊಟಾಕ್ಸಿಮ್ ಹೀರಿಸಿದ ಕಾಗದದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ನಿರ್ಭಯವಾಗಿ ಬಿಲ್ಲೆಯ ಸಮೀಪದವರೆಗೆ ಬೆಳೆದಿರುತ್ತದೆ. ಪಕ್ಕದಲ್ಲಿ ಕ್ಲಾವುಲನೇಟ್ ಇರುವ ಬಿಲ್ಲೆಯನ್ನಿಟ್ಟರೆ ಎರಡರ ನಡುವೆ ಮಾತ್ರ ಬೆಳವಣಿಗೆ ಸೋತು, ಬೀಗದ ತೂತಿನಂಥ ತಿಳಿ ಜಾಗ ಮೂಡುತ್ತದೆ. ಕ್ಲಾವುಲನೇಟ್ ಕಿಣ್ವದ ಬಾಯಿ ಕಟ್ಟಿದ್ದರಿಂದ ಅಲ್ಲಿ ಸೆಫೊಟಾಕ್ಸಿಮ್ ಗೆದ್ದಿರುತ್ತದೆ. ವರದಿಯಲ್ಲಿ ‘ಪಾಸಿಟಿವ್’ ಎಂದು ಬರೆಯುವ ಹಳೆಯ ಕ್ರಮ ಆ ತೂತನ್ನು ನೋಡಿಯೇ.

ಇಷ್ಟೆಲ್ಲ ಕಿಣ್ವಗಳನ್ನು ಕಡ ಕೊಟ್ಟವರು ಎಲ್ಲಿ ಸಂಪಾದಿಸಿದರು ಎಂದು ನೀವು ಮುಂದೆ ಕೇಳಿಯೇ ಕೇಳುತ್ತೀರಿ. ಆಂಟಿಬಯೋಟಿಕ್‌ಗಳಲ್ಲಿ ಬಹುಪಾಲು ಮನುಷ್ಯ ಕಂಡುಹಿಡಿದವಲ್ಲ, ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುತ್ತಿದ್ದವು. ವಿಷ ತಯಾರಿಸುವವನು ತನಗೇ ತಗಲದಂತೆ ನೋಡಿಕೊಳ್ಳಬೇಕಲ್ಲ. ವ್ಯಾಂಕೊಮೈಸಿನ್ ತಯಾರಿಸುವ ಮಣ್ಣಿನ ಬ್ಯಾಕ್ಟೀರಿಯಾವನ್ನೇ ನೋಡಿ. ಕೋಶಭಿತ್ತಿಯ ಇಟ್ಟಿಗೆಗಳ ತುದಿಯಲ್ಲಿರುವ ಎರಡು ಅಲನಿನ್‌ಗಳನ್ನು ವ್ಯಾಂಕೊಮೈಸಿನ್ ಹಿಡಿದುಕೊಳ್ಳುತ್ತದೆ. ಕೊನೆಯ ಅಲನಿನ್ ಬದಲು ಲ್ಯಾಕ್ಟೇಟ್ ಇಟ್ಟರೆ ಒಂದು ಹೈಡ್ರೋಜನ್ ಬಂಧ ತಪ್ಪಿ ಹಿಡಿತ ಸಾವಿರಪಟ್ಟು ಸಡಿಲವಾಗುತ್ತದೆ. ಇದಕ್ಕೆ ಮೂರು ವಂಶವಾಹಿಗಳಾದರೂ ಬೇಕು. ಲ್ಯಾಕ್ಟೇಟ್ ತಯಾರಿಸಲು ಒಂದು, ಅದನ್ನು ಜೋಡಿಸಲು ಒಂದು, ಹಳೆಯ ಬಗೆಯ ತುದಿಗಳನ್ನು ಹುಡುಕಿ ನಾಶಮಾಡಲು ಇನ್ನೊಂದು. ಇದು ಒಂದಕ್ಷರದ ತಪ್ಪಿನಿಂದ ಆಗುವಂಥದ್ದಲ್ಲ. ಔಷಧ 1958ರಲ್ಲಿ ಬಳಕೆಗೆ ಬಂತು, ಮೂವರೂ ಜೊತೆಯಾಗಿ ಆಸ್ಪತ್ರೆಯ ಎಂಟೆರೊಕಾಕಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಕಾಣಿಸಿಕೊಂಡದ್ದು 1980ರ ದಶಕದ ಕೊನೆಗೆ. ಆದರೆ ಕೆನಡಾದ ಯೂಕಾನ್‌ನಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನ ಡಿಎನ್‌ಎಯಲ್ಲಿ ಇದೇ ಮೂವರು ಇದೇ ಸಾಲಿನಲ್ಲಿ ಇದ್ದದ್ದನ್ನು 2011ರಲ್ಲಿ ಪ್ರಕಟಿಸಿದರು. ಪೆನಿಸಿಲಿನ್ ಮುರಿಯುವ ಕಿಣ್ವವನ್ನು ಅಬ್ರಹಾಂ ಮತ್ತು ಚೈನ್ ವರದಿ ಮಾಡಿದ್ದೂ 1940ರಲ್ಲಿ, ಪೆನಿಸಿಲಿನ್ ಇನ್ನೂ ಔಷಧದಂಗಡಿಯ ಮುಖ ನೋಡುವ ಮೊದಲೇ.

ಔಷಧ ನಿಲ್ಲಿಸಿದರೆ ಪ್ರತಿರೋಧ ತಾನಾಗಿ ಹೋಗುವುದಿಲ್ಲವೇ? ಬೇಡದ ವಂಶವಾಹಿಯನ್ನು ಹೊತ್ತು ತಿರುಗುವುದು ಕೋಶಕ್ಕೆ ಹೊರೆ, ಹೊರೆ ಇಲ್ಲದವು ಗೆಲ್ಲಬೇಕು ಎಂದು ನಾವೂ ಒಂದು ಕಾಲಕ್ಕೆ ಆಶಿಸಿದ್ದೆವು. ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ಸಲ್ಫಾ ಬಳಕೆ ನೂರಕ್ಕೆ 97ರಷ್ಟು ಇಳಿಯಿತು. ಇ. ಕೋಲಿಯಲ್ಲಿ ಸಲ್ಫಾ ಪ್ರತಿರೋಧ ಇಳಿಯಲೇ ಇಲ್ಲ. ಆ ವಂಶವಾಹಿ ಬೇರೆ ಪ್ರತಿರೋಧಗಳ ಜೊತೆ ಒಂದೇ ಬಳೆಯಲ್ಲಿ ಕುಳಿತಿತ್ತು, ಉಳಿದ ಔಷಧಗಳು ಅದನ್ನು ಸಾಕುತ್ತಿದ್ದವು. ಹೊರೆಯನ್ನು ಹಗುರ ಮಾಡುವ ಎರಡನೆಯ ತಪ್ಪುಗಳೂ ಆಗುತ್ತವೆ. ಹೀಗಾಗಿ ಕಾಯುತ್ತ ಕೂರುವುದರಲ್ಲಿ ನನಗೆ ನಂಬಿಕೆ ಕಡಿಮೆ.

ಕೊನೆಗೆ, ಅರ್ಧಕ್ಕೆ ಬಿಟ್ಟ ಮಾತ್ರೆ. ಕ್ಷಯದಲ್ಲಾಗಿದ್ದರೆ ನಾನು ಖಂಡಿತ ಗದರುತ್ತಿದ್ದೆ. ಮೂತ್ರನಾಳದ ಸೋಂಕಿನಲ್ಲಿ ಕಥೆ ಬೇರೆ. ಇಲ್ಲಿಯ ಇ. ಕೋಲಿ ಸಾಮಾನ್ಯವಾಗಿ ಬರುವುದು ರೋಗಿಯ ಕರುಳಿನಿಂದಲೇ. ಮಾತ್ರೆ ಮೂತ್ರಕೋಶಕ್ಕಷ್ಟೇ ಹೋಗುವುದಿಲ್ಲ. ಕರುಳಿನ ಕೋಟ್ಯಂತರ ನಿರಪರಾಧಿ ಬ್ಯಾಕ್ಟೀರಿಯಾಗಳನ್ನೂ ಜರಡಿ ಹಿಡಿಯುತ್ತದೆ, ಹೆಚ್ಚು ದಿನ ನುಂಗಿದರೆ ಹೆಚ್ಚು ದಿನ ಹಿಡಿಯುತ್ತದೆ. ಪೂರ್ತಿ ನುಂಗಿದವರ ಕರುಳಲ್ಲೂ ಇಎಸ್‌ಬಿಎಲ್ ಉಳಿದದ್ದನ್ನು ದಿನವೂ ನೋಡುತ್ತೇನೆ. ಎಷ್ಟು ದಿನ ಎಂಬುದನ್ನು ವೈದ್ಯರು ತೀರ್ಮಾನಿಸಲಿ, ಅದರಂತೆ ನಡೆಯಿರಿ. ಎರಡು ವರ್ಷದ ಹಿಂದಿನ ಆ ನಾಲ್ಕು ಮಾತ್ರೆಗಳಿಗಾಗಿ ಅಮ್ಮನನ್ನು ದೂರಬೇಡಿ.

ಈಗ ವರದಿಯಲ್ಲಿ ‘ಎಸ್’, ಅಂದರೆ ಬ್ಯಾಕ್ಟೀರಿಯಾ ಬಗ್ಗುತ್ತದೆ, ಎಂದಿರುವ ಸಾಲುಗಳನ್ನು ನೋಡಿ. ನೈಟ್ರೊಫ್ಯುರಾಂಟೊಯಿನ್ ಅಲ್ಲಿರುವ ಸಾಧ್ಯತೆ ಹೆಚ್ಚು. 1953ರಿಂದ ಬಳಕೆಯಲ್ಲಿರುವ ಔಷಧ, ಇ. ಕೋಲಿ ಇಂದಿಗೂ ಅದಕ್ಕೆ ಬಹುಮಟ್ಟಿಗೆ ಬಗ್ಗುತ್ತದೆ. ಐಸೋನಿಯಾಜಿಡ್‌ನಂತೆ ಇದನ್ನೂ ಬ್ಯಾಕ್ಟೀರಿಯಾದ ಕಿಣ್ವವೇ ವಿಷವಾಗಿಸುತ್ತದೆ. ಆದರೆ ಇ. ಕೋಲಿಯಲ್ಲಿ ಆ ಕೆಲಸಕ್ಕೆ ಮುಖ್ಯವಾಗಿ ಎರಡು ಕಿಣ್ವಗಳಿವೆ. ಪೂರ್ಣ ಪ್ರತಿರೋಧ ಬರಲು ಎರಡೂ ಕೆಡಬೇಕು, ಮತ್ತೆ ಅದೇ ಗುಣಾಕಾರ. ಸೋಂಕು ಮೂತ್ರಕೋಶದಲ್ಲಷ್ಟೇ ಇದ್ದು, ಮೂತ್ರಪಿಂಡಗಳು ಸರಿಯಾಗಿ ಕೆಲಸಮಾಡುತ್ತಿದ್ದರೆ ಅದು ಸಾಕಾಗಬಹುದು. ಚಳಿಜ್ವರ, ಬೆನ್ನುನೋವು ಇದ್ದರೆ ಸಾಲದು, ತಡಮಾಡದೆ ವೈದ್ಯರ ಬಳಿ ಹೋಗಿ. ಗುಣವಾದ ಮೇಲೆ, ಉರಿಯೋ ಜ್ವರವೋ ಇಲ್ಲದಿರುವಾಗ, ‘ಹೋಯಿತೋ ಇಲ್ಲವೋ ನೋಡೋಣ’ ಎಂದು ಮತ್ತೆ ಕಲ್ಚರ್ ಮಾಡಿಸಬೇಡಿ. ಸಿಕ್ಕಿದ್ದಕ್ಕೆಲ್ಲ ಔಷಧ ಕೊಡುವ ಆಸೆಯಾಗುತ್ತದೆ. ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಮೀರಿ, ಸುಮ್ಮನೆ ಉಳಿದಿರುತ್ತದೆ. ಆದ್ದರಿಂದ ಈ ವರದಿಯನ್ನು ಎಸೆಯದೆ ಇಟ್ಟುಕೊಳ್ಳಿ. ಮುಂದೊಮ್ಮೆ ಅಮ್ಮನಿಗೆ ಜೋರು ಜ್ವರ ಬಂದು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ, ಕಲ್ಚರ್ ಫಲಿತಾಂಶ ಬರುವ ಮೊದಲೇ ಚುಚ್ಚುಮದ್ದು ಆರಿಸಬೇಕಾದ ವೈದ್ಯರಿಗೆ ಮೊದಲು ತೋರಿಸಬೇಕಾದದ್ದು ಅದನ್ನೇ.